ಮೊದಲು ತರಬೇತಿಯೋ, ನೇರ ಕೆಲಸವೋ?

ಮನೋರೋಗದಿಂದ ಚೇತರಿಸಿಕೊಂಡ ಮಗನಿಗೋ ತಂಗಿಗೋ ಕೆಲಸ ಹುಡುಕುವ ಮನೆಯವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, ಪುನರ್ವಸತಿ ಕೇಂದ್ರದ ತರಬೇತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೇಕರಿ, ಹೊಲಿಗೆಯಂಥ ವಿಭಾಗಗಳಿವೆ. ಇಂಥ ಕಡೆ ಹಿಟ್ಟು ನಾದುವ ಕೈ ನಡುವೆ ನಿಂತರೆ ಯಾರೂ ಗದರುವುದಿಲ್ಲ. ಹೊತ್ತಿಗೆ ಏಳುವುದು, ನಾಲ್ವರೊಡನೆ ಬೆರೆಯುವುದು ಮತ್ತೆ ರೂಢಿಯಾಗುತ್ತದೆ. ತೊಡಕೆಂದರೆ, ಕೆಲವರು ಅಲ್ಲೇ ಉಳಿದುಬಿಡುತ್ತಾರೆ. ಕೈಗೆ ಬರುವುದೂ ಪುಡಿಗಾಸು.

ಇನ್ನೊಂದು, 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಐಪಿಎಸ್ ಪದ್ಧತಿ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಅಂದರೆ ಒಬ್ಬೊಬ್ಬರಿಗೂ ಕೆಲಸ ಹುಡುಕಿಕೊಟ್ಟು ಬೆಂಬಲಕ್ಕೆ ನಿಲ್ಲುವುದು; ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ). ಮೊದಲು ಮಾಮೂಲಿ ಸಂಬಳದ ಕೆಲಸ, ಕಲಿಕೆಯೆಲ್ಲ ಅಲ್ಲಿಯೇ. ಚಿಕಿತ್ಸೆಯ ತಂಡದಲ್ಲೇ ಒಬ್ಬ ಉದ್ಯೋಗ ಸಹಾಯಕರಿದ್ದು, ಕೆಲಸ ಸಿಕ್ಕ ಮೇಲೂ ಜೊತೆಗಿರುತ್ತಾರೆ. ರಾತ್ರಿಯ ಮಾತ್ರೆಯ ಮಂಪರು ಬೆಳಗ್ಗೆ ಒಂಬತ್ತಾದರೂ ಇಳಿಯುವುದಿಲ್ಲ ಎನ್ನಿ. ಆ ವ್ಯಕ್ತಿ ಒಪ್ಪಿದರೆ ಮಾಲೀಕರೊಡನೆ ಮಾತಾಡಿ ಪಾಳಿಯನ್ನು ಹನ್ನೊಂದಕ್ಕೆ ಬದಲಿಸಿಕೊಡುವವರು ಅವರೇ. ಹಲವು ದೇಶಗಳ ಅಧ್ಯಯನಗಳಲ್ಲಿ ಈ ದಾರಿಯಲ್ಲೇ ಹೆಚ್ಚು ಮಂದಿಗೆ ಕೆಲಸ ದಕ್ಕಿದೆ. ನಮ್ಮಲ್ಲಿ ಅಂಥ ಸಹಾಯಕರು ವಿರಳ. ಆ ಹೊಣೆ ಬಹುತೇಕ ಅಣ್ಣನ ಅಥವಾ ಅಮ್ಮನ ಹೆಗಲಿಗೇ ಬೀಳುತ್ತದೆ.

ಹಿಂದೆ ದುಡಿದ ಅನುಭವವಿದ್ದು, ಕೆಲಸ ಬೇಕೆಂದು ಅವರೇ ಕೇಳುತ್ತಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ವರ್ಷಗಟ್ಟಲೆ ಮನೆಯ ಹೊಸಿಲು ದಾಟದವರಿಗೆ ಮೊದಲನೆಯದು, ಅದೂ ಇಂತಿಷ್ಟು ತಿಂಗಳೆಂದು ಗಡುವು ಹಾಕಿಕೊಂಡು.

ಈಗಾಗಲೇ ಸರ್ಕಾರಿ ನೌಕರಿಯಲ್ಲಿರುವವರು ರಾಜೀನಾಮೆಗೆ ಅವಸರಪಡಬಾರದು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಅದೇ ಕಾರಣಕ್ಕೆ ತೆಗೆಯುವಂತಿಲ್ಲ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಮಾನಸಿಕ ಕಾಯಿಲೆಯೂ ಅದರ ಪಟ್ಟಿಯಲ್ಲಿದೆ.