ಎರಡು ಮೋಟಾರಿನದೋ, ಬಾಲ ಆಡುವುದೋ? ತೊಗರಿ ಹೊಲದಲ್ಲಿ ಹಾರಿಸಿ ನೋಡಿದ್ದು

ಅಣ್ಣನ ಮಗನಿಗೆ ರಿಮೋಟ್ ವಿಮಾನ ಬೇಕಿತ್ತು. ನನಗೂ ಬೇಕಿತ್ತು ಅನ್ನಿ. ಹೀಗಾಗಿ ಮನೆಗೆ ಎರಡು ಬಂದವು. ಒಂದು 1,600 ರೂಪಾಯಿಯ ಫೋಮ್ ಫೈಟರ್, ಯುದ್ಧವಿಮಾನದ ಆಕಾರದ್ದು. ಎರಡು ಪುಟ್ಟ ಮೋಟಾರು, ಎರಡು ಚಾನೆಲ್. ಅಂದರೆ ರಿಮೋಟಿನಿಂದ ಎರಡೇ ಹಿಡಿತ: ಮೋಟಾರಿನ ಜೋರು, ಎಡ-ಬಲ ತಿರುಗಿಸುವುದು. ಇನ್ನೊಂದು 3,800 ರೂಪಾಯಿಯದ್ದು. ಮೂತಿಗೆ ಒಂದೇ ಫ್ಯಾನು, ಆಡುವ ಬಾಲ, ಒಳಗೆ ವಾಲಿದ್ದನ್ನು ಗುರುತಿಸುವ ಜೈರೋ, ಮೂರು ಚಾನೆಲ್. ಮೂರನೆಯದು ಬಾಲದಿಂದ ಏರಿಸಿ ಇಳಿಸಲು.

ಕಲಬುರಗಿಯಲ್ಲಿ ಬಯಲಿಗೇನೂ ಬರ ಇಲ್ಲ. ಆದರೆ ಸೇಡಂ ರಸ್ತೆ ಕಡೆ ವಿಮಾನ ನಿಲ್ದಾಣ ಇದೆ. ಆಟಿಕೆಯೇ ಆದರೂ ಅದರ ಹತ್ತಿರ ಹಾರಿಸುವುದು ಬೇಡ ಅಂತ ಅಫಜಲಪುರ ರಸ್ತೆ ಕಡೆ ಪರಿಚಯದವರ ಹೊಲಕ್ಕೆ ಹೋದೆವು. ತೊಗರಿ ಕೊಯ್ದಾಗಿತ್ತು. ಹೊಲ ಖಾಲಿ ಅಂದುಕೊಂಡಿದ್ದೇ ತಪ್ಪು. ಕೂಳೆ ಹಾಗೇ ನಿಂತಿತ್ತು, ಒಂದೊಂದೂ ಮೊಳೆ ಇದ್ದ ಹಾಗೆ.

ಮೊದಲು ಫೈಟರ್. ಇದಕ್ಕೆ ಏರಿಸಿ ಇಳಿಸುವ ಬಾಲವೇ ಇಲ್ಲ. ಮೋಟಾರಿಗೆ ಜೋರು ಕೊಟ್ಟರೆ ಏರುತ್ತದೆ, ಕಡಿಮೆ ಮಾಡಿದರೆ ಇಳಿಯುತ್ತದೆ. ಒಂದು ಮೋಟಾರು ನಿಧಾನವಾದರೆ ಆ ಕಡೆ ತಿರುಗುತ್ತದೆ. ನಾನು ಆಕಾಶಕ್ಕೆ ಎಸೆದೆ. ಮೂತಿ ಎತ್ತಿ, ವೇಗ ಕಳೆದುಕೊಂಡು, ದಬ್ ಅಂತ ಬಿತ್ತು. ಗಾಳಿಗೆ ಎದುರಾಗಿ, ನೆಲಕ್ಕೆ ಸಮವಾಗಿ ತಳ್ಳಬೇಕು ಅಷ್ಟೇ. ಅದು ತಿಳಿದ ಮೇಲೆ ಹುಡುಗನೇ ಸುಮ್ನೆ ಗುಂಡಗೆ ಸುತ್ತಿಸುತ್ತಿದ್ದ. ಆಗ ಬೆಳಿಗ್ಗೆ ಆರೂವರೆ, ಎಲೆ ಅಲುಗಾಡುತ್ತಿರಲಿಲ್ಲ.

ಎಂಟೂವರೆಗೆ ಗಾಳಿ ಎದ್ದಿತು ನೋಡಿ, ಆಟ ಕೆಟ್ಟಿತು. ಎದುರು ಗಾಳಿಗೆ ನಿಂತಲ್ಲೇ ನಿಂತಿತು. ತಿರುಗಿಸಿದರೆ ಹೊಡೆದುಕೊಂಡು ಹೊರಟಿತು. ಗಾಬರಿಯಲ್ಲಿ ಥ್ರಾಟಲ್, ಅಂದರೆ ಮೋಟಾರಿನ ಜೋರು, ಪೂರ್ತಿ ಇಳಿಸಿದೆ. ಫೈಟರ್‌ನಲ್ಲಿ ಮೋಟಾರು ನಿಂತರೆ ತಿರುಗಿಸುವುದೂ ನಿಂತ ಹಾಗೆ! "ಕಾಕಾ, ಅದು ಮಾತ ಕೇಳವಲ್ದು!" ಅಂತ ಹುಡುಗ ಓಡಿದ. ಜಾಲಿ ಗಿಡದಲ್ಲಿ ಸಿಕ್ಕಿತು.

ಅದೇ ಗಾಳಿಯಲ್ಲಿ ಮೂರು ಚಾನೆಲ್‌ನದ್ದು ಚೆನ್ನಾಗಿ ಹಾರಿತು. ರೆಕ್ಕೆ ವಾಲಿದರೆ ಜೈರೋ ತಾನೇ ಸರಿ ಮಾಡುತ್ತದೆ. ಮೋಟಾರು ನಿಲ್ಲಿಸಿದರೂ ಬಾಲದಿಂದ ಮೂತಿ ಎತ್ತಿ ಮೆಲ್ಲಗೆ ಇಳಿಸಬಹುದು. ಹಾರಿಸುವ ಖುಷಿ ಇರುವುದು ಇದರಲ್ಲೇ, ಫೈಟರ್ ಇದರ ಮುಂದೆ ಗಾಳಿಪಟ.

ಆದರೆ ಇದರ ರೆಕ್ಕೆ ಥರ್ಮೋಕೋಲ್. ಮೂರನೇ ಸಲ ಇಳಿಸುವಾಗ ಕೂಳೆಗೆ ಬಡಿದು ಎರಡು ತುಂಡಾಯಿತು. ಸೂಪರ್ ಗ್ಲೂ ಹಾಕಿದೆ. ಅದು ಥರ್ಮೋಕೋಲನ್ನೇ ಕರಗಿಸಿ ತೂತು ಮಾಡಿತು. ಕೊನೆಗೆ ಫೆವಿಕಾಲ್ ಹಚ್ಚಿ, ಟೇಪ್ ಸುತ್ತಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಫೈಟರ್‌ನ ಫೋಮ್ ಬಾಗುತ್ತದೆ, ಮುರಿಯುವುದಿಲ್ಲ. ಸೊಟ್ಟಗಾದ ಮೂತಿಯನ್ನು ಬಿಸಿನೀರಲ್ಲಿ ಅದ್ದಿದೆ, ನೆಟ್ಟಗಾಯಿತು.

ಬ್ಯಾಟರಿ ವಿಷಯದಲ್ಲಿ ಎರಡೂ ಜಿಪುಣ. ಫೈಟರ್‌ಗೆ ಎಂಟು ನಿಮಿಷ, ಇನ್ನೊಂದಕ್ಕೆ ಹನ್ನೆರಡು. ಚಾರ್ಜ್ ಆಗಲು ಹತ್ತಿರ ಹತ್ತಿರ ಒಂದು ಗಂಟೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಇವುಗಳ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಕಾರಿನಲ್ಲಿ ಬಿಡಬೇಡಿ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೂ ಹಾಕಬೇಡಿ.

ಕೈಯಲ್ಲಿ ಎರಡು ಸಾವಿರ ಇದ್ದರೆ ನಾನು ಫೈಟರ್ ಜೊತೆ ಇನ್ನೊಂದು ಬ್ಯಾಟರಿ ತಗೊಳ್ಳುತ್ತೇನೆ. ಮಕ್ಕಳ ಕೈಗೆ ಕೊಡುವುದಾದರೆ ಜಾಸ್ತಿ ದುಡ್ಡಿದ್ದರೂ ಅದನ್ನೇ. ಬಿದ್ದು ಬಿದ್ದು ಕಲಿಯುವ ಕಾಲದಲ್ಲಿ ಜೈರೋಗಿಂತ ಬಾಗುವ ಫೋಮ್ ದೊಡ್ಡದು, ಅಲ್ವಾ? ಟೇಪ್ ಸುತ್ತಿದ ಮೂರು ಚಾನೆಲ್ ಈಗ ನನ್ನ ಅಲಮಾರಿನ ಮೇಲಿದೆ. ಹೊಲದವರು ಕೂಳೆ ಕಿತ್ತ ಮೇಲೆ ಇಳಿಸುತ್ತೇನೆ.