ಬ್ಯಾಟರಿ ಏರ್ ಪಂಪು ತಗೊಂಡು ಒಂದು ವರ್ಷ: ಕಯಾಕಲ್ಲಿ ಚಟ್ಲಿ ಬದುಕ್ತಾ?

ಕಯಾಕಲ್ಲಿ ಹೋಗಿ ಗಾಳ ಹಾಕೋರು ನಮ್ ಕಡೆ ಈಗ ಸುಮಾರ್ ಜನ ಆಗಿದಾರೆ, ಆದ್ರೆ ಗಾಳಕ್ಕೆ ಚುಚ್ಚೋ ಜೀವ ಇರೋ ಚಟ್ಲಿನ (ಸಿಗಡಿನ) ಅದ್ರಲ್ಲಿ ಹೆಂಗೆ ಇಟ್ಕೊಳ್ಳೋದು ಅಂತ ಕೇಳಿ ನೋಡಿ, ಎಲ್ರೂ "ಒಂದು ಏರ್ ಪಂಪ್ ತಗೋ ಸಾಕು" ಅಂತಾರೆ. ನಾನೂ ತಗೊಂಡೆ. ಕರೆಂಟ್ ಹೋದಾಗ ಅಕ್ವೇರಿಯಂಗೆ ಹಾಕ್ತಾರಲ್ಲ, ಎರಡು ದೊಡ್ಡ ಟಾರ್ಚ್ ಸೆಲ್ ಹಿಡಿಸೋ ಪಂಪು, ಅದು. ಬ್ರ್ಯಾಂಡ್ ಅಂತ ಏನೂ ಇಲ್ಲ, ಡಬ್ಬಿ ಮೇಲೆ ಒಂದು ಗೋಲ್ಡ್ ಫಿಶ್ ಚಿತ್ರ ಅಷ್ಟೇ. ಆನ್‌ಲೈನಲ್ಲಿ 450 ಚಿಲ್ರೆ ಕೊಟ್ಟೆ, ಸೆಲ್ ಬೇರೆ.

ನಾನು ಹೋಗೋದು ಗಂಗೊಳ್ಳಿ ಹತ್ರ, ಪಂಚಗಂಗಾವಳಿ ಹೊಳೆಯ ಕಾಂಡ್ಲಾ ಗಿಡದ ಬದಿಗೆ. ಅಲ್ಲಿ ಕೆಂಬೇರಿ ಮೀನು ಸಿಗುತ್ತೆ, ಪುಣ್ಯ ಇದ್ರೆ ಕುರುಡಿ, ಅದೇ ಹೋಟೆಲಲ್ಲಿ ಸೀಬಾಸ್ ಅಂತ ಬಿಲ್ ಹಾಕ್ತಾರಲ್ಲ ಅದು. ಎರಡೂ ಸತ್ತ ಚಟ್ಲಿನ ಮೂಸಿ ನೋಡಿ ಬಿಟ್ಟು ಹೋಗೋದೇ ಜಾಸ್ತಿ, ಒದ್ದಾಡೋ ಚಟ್ಲಿ ಆದ್ರೆ ಮಾತೇ ಬೇರೆ.

ಮೊದಲನೇ ಸಲ ಏನಾಯ್ತು ಹೇಳ್ತೀನಿ. ಬೆಳಿಗ್ಗೆ ಬಲೆ ಹಾಕೋ ಅಜ್ಜ ಒಬ್ರ ಹತ್ರ 30 ಚಟ್ಲಿ ತಗೊಂಡು, 10 ಲೀಟರಿನ ಪೇಂಟ್ ಬಕೆಟಿಗೆ ನೀರು ತುಂಬಿ ಪಂಪ್ ಹಾಕ್ದೆ, ಗುಳ್ಳೆ ಏನ್ ಚೆನ್ನಾಗಿ ಬರ್ತಿತ್ತು ಅಂತೀರಿ, ಸೋಡಾ ಬಾಟ್ಲಿ ತರ, ನೋಡಿ ಖುಷಿಯಾಗಿ ಹೊರಟೆ. ಅಜ್ಜ ಬಗ್ಗಿ ನೋಡಿ "ಇದ್ಕೂ ದುಡ್ಡ್ ಕೊಟ್ಯಾ ಮಾರಾಯಾ?" ಅಂದ್ರು. ಹತ್ತೂವರೆ ಅಷ್ಟೊತ್ತಿಗೆ ಕೈ ಹಾಕಿದ್ರೆ ನೀರು ಸ್ನಾನಕ್ಕೆ ಕಾಯಿಸಿದ ಹಂಗೆ ಬೆಚ್ಚಗಿತ್ತು. ಮುಕ್ಕಾಲು ಚಟ್ಲಿ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ವು. ಜೀವ ಇರೋದು ಗಾಜಿನ ತರ ಇರುತ್ತೆ, ಮೈ ಒಳಗಿನ ಕರಿ ಗೆರೆನೂ ಕಾಣುತ್ತೆ. ಇವು ಬೆಂದ ಅನ್ನದ ಬಣ್ಣಕ್ಕೆ ತಿರುಗಿದ್ವು. ಪಂಪ್ ಮಾತ್ರ ಪಾಪ, ಇನ್ನೂ ಗುರ್ರ್ ಅಂತಾನೇ ಇತ್ತು.

ಸಿಟ್ಟಲ್ಲಿ ಒಂದು ಸ್ಟಾರ್ ಹಾಕೋಣ ಅನ್ಕೊಂಡೆ. ಆದ್ರೆ ತಪ್ಪು ಪಂಪಿಂದಲ್ಲ. ನೀರು ಬಿಸಿ ಆದಷ್ಟೂ ಅದ್ರಲ್ಲಿ ಆಮ್ಲಜನಕ ಹಿಡಿಯೋದು ಕಮ್ಮಿ. 20 ಡಿಗ್ರಿ ಸಿಹಿ ನೀರಿಗೆ ಲೀಟರಿಗೆ ಹೆಚ್ಚೂಕಮ್ಮಿ 9 ಮಿಲಿಗ್ರಾಂ, 30 ಡಿಗ್ರಿಗೆ ಏಳೂವರೆ, ಸಮುದ್ರದ ಉಪ್ಪು ನೀರಾದ್ರೆ 30 ಡಿಗ್ರಿಲಿ ಬರೀ 6 ಚಿಲ್ರೆ. ನೀವು ಎಷ್ಟೇ ಗುಳ್ಳೆ ಬಿಡಿ ಅದಕ್ಕಿಂತ ಮೇಲೆ ಹೋಗಲ್ಲ, ಅದೇ ಹೊತ್ತಿಗೆ ಬಿಸಿಗೆ ಚಟ್ಲಿ ಉಸಿರಾಡೋದು ಜಾಸ್ತಿ ಆಗುತ್ತೆ, ಅದ್ರ ಮೇಲೆ ಅವುಗಳ ಗಲೀಜಿಂದ ಅಮೋನಿಯಾ ಬೇರೆ. 10 ಲೀಟರಿಗೆ 30 ಹಾಕಿದ್ದು ನನ್ನ ಆಸೆಬುರುಕತನ.

ಈಗ ಮಾಡೋದು ಹೀಗೆ. ಮೀನು ಮಾರ್ಕೆಟಲ್ಲಿ ಐಸ್ ಹಾಕಿ ಬರೋ ಸಣ್ಣ ಥರ್ಮಾಕೋಲ್ ಬಾಕ್ಸ್, ಅದಕ್ಕೆ ಐದಾರು ಲೀಟರ್ ನೀರು, 12 ಚಟ್ಲಿ ಮೇಲೆ ಇಲ್ಲ. ನೀರು ಚಟ್ಲಿ ಹಿಡಿದ ಜಾಗದ್ದೇ ಆಗ್ಬೇಕು, ಹೊಳೆಯ ಉಪ್ಪು ಇಳಿತಕ್ಕೊಂದು ತರ ಉಬ್ಬರಕ್ಕೊಂದು ತರ ಇರುತ್ತೆ, ಮಳೆಗಾಲದಲ್ಲಂತೂ ಹೆಚ್ಚೂಕಮ್ಮಿ ಸಿಹಿ. ನಲ್ಲಿ ನೀರು ಹಾಕ್ಲೇಬೇಡಿ, ಕ್ಲೋರಿನ್ನಿಗೇ ಸಾಯ್ತವೆ. ಐಸನ್ನ ಹಾಗೇ ಹಾಕೋದೂ ಬೇಡ, ಅರ್ಧ ಲೀಟರ್ ಬಾಟ್ಲಿಲಿ ನೀರು ತುಂಬಿ ಫ್ರೀಜರಲ್ಲಿ ಗಟ್ಟಿ ಮಾಡಿ ಮುಚ್ಚಳ ಬಿಗಿ ಮಾಡಿ ಇಳಿಬಿಡಿ, ಪೂರ್ತಿ ತಣ್ಣಗೆ ಕೊರೆಯೋ ಹಂಗೆ ಬೇಡ, ಬಿಸಿ ಏರದಿದ್ರೆ ಸಾಕು. ಬಾಕ್ಸಿನ ಮುಚ್ಚಳ ಹಾಕಿಡಿ, ಕತ್ತಲಲ್ಲಿ ಸುಮ್ಮನಿರ್ತವೆ, ಇಲ್ಲಾಂದ್ರೆ ಒಂದೊಂದಾಗಿ ಹಾರಿ ನಿಮ್ಮ ಮಡಿಲಿಗೇ ಬೀಳ್ತವೆ. ಹೀಗೆ ಮಾಡಿ ಕಳೆದ ಸಲ ಮಧ್ಯಾಹ್ನ ಒಂದು ಗಂಟೆವರೆಗೆ 12ರಲ್ಲಿ ಒಂದೇ ಹೋಯ್ತು, ಅದೂ ಪೊರೆ ಬಿಟ್ಟು ಮೆತ್ತಗಾಗಿತ್ತು, ಉಳಿದವು ಅದನ್ನ ತಿನ್ನೋಕೆ ಶುರು ಮಾಡಿದ್ವು.

ಪಂಪ್ ಬಗ್ಗೆ ದೂರು ಇಲ್ವಾ ಅಂದ್ರೆ ಇದೆ. ಮೊದಲು ತಗೊಂಡ ಪಂಪ್ ನನ್ನ ಕೈಯಾರೆ ಸತ್ತಿದ್ದು: ಬಾಕ್ಸಿಗಿಂತ ಕೆಳಗೆ ಇಟ್ಟು, ಸೆಲ್ ಉಳಿಸೋಣ ಅಂತ ಸ್ವಲ್ಪ ಹೊತ್ತು ಆಫ್ ಮಾಡಿದ್ದೆ, ಪೈಪಲ್ಲಿ ನೀರು ವಾಪಸ್ ಹರಿದು ಪಂಪ್ ಒಳಗೇ ಹೋಯ್ತು. ಯಾವಾಗ್ಲೂ ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲಾ ಪೈಪಿಗೆ ನೀರು ವಾಪಸ್ ಬರದಂಗೆ ತಡೆಯೋ 20 ರೂಪಾಯಿಯ ವಾಲ್ವ್ ಹಾಕಿ. ಆಮೇಲೆ ತಗೊಂಡ ಎರಡನೇ ಪಂಪ್ ಈಗ್ಲೂ ಓಡ್ತಿದೆ, ಆದ್ರೆ ಸೆಲ್ ಹಾಕೋ ಕಡೆ ಮುಚ್ಚಳಕ್ಕೆ ರಬ್ಬರ್ ಇಲ್ಲ, ಉಪ್ಪು ನೀರು ಸಿಡಿದು ಸ್ಪ್ರಿಂಗ್ ಹಸಿರುಗಟ್ಟುತ್ತೆ, ಪ್ರತಿ ಸಲ ಮನೆಗೆ ಬಂದು ಹಳೆ ಟೂತ್ ಬ್ರಷ್ಷಲ್ಲಿ ತಿಕ್ಕಬೇಕು. ಸಿಕ್ಕಿಸೋ ಕ್ಲಿಪ್ಪು ಎರಡೇ ತಿಂಗಳಿಗೆ ಮುರೀತು. ಇನ್ನೊಂದು, ಪ್ಲಾಸ್ಟಿಕ್ ಕಯಾಕಿಗೆ ತಾಗಿದ್ರೆ ಆ ಗುರ್ ಗುರ್ ಇಡೀ ಹೊಟ್ಟೆ ತುಂಬ ಚೆಂಡೆ ಬಡಿದ ಹಂಗೆ ಕೇಳುತ್ತೆ, ಕೆಳಗಿರೋ ಮೀನಿಗೆ ಕೇಳಲ್ವಾ? ನಾನು ಹಳೆ ಹವಾಯಿ ಚಪ್ಪಲಿ ಕತ್ತರಿಸಿ ಕೆಳಗೆ ಇಟ್ಟಿದೀನಿ, ಪರವಾಗಿಲ್ಲ.

ತೂತು ಮಾಡಿದ ಬಕೆಟಿಗೆ ಚಟ್ಲಿ ಹಾಕಿ, ಹಗ್ಗ ಕಟ್ಟಿ ನೀರಿಗೆ ಬಿಟ್ಟು ಎಳ್ಕೊಂಡು ಹೋಗೋದು ಟ್ರೈ ಮಾಡಿದೆ. ಲಂಗರು ಹಾಕಿ ಕೂತಾಗ ಅದಕ್ಕಿಂತ ಒಳ್ಳೇದು ಯಾವ್ದೂ ಇಲ್ಲ, ಪಂಪೂ ಬೇಡ ಸೆಲ್ಲೂ ಬೇಡ. ಹುಟ್ಟು ಹಾಕೋಕೆ ಶುರು ಮಾಡಿದ್ರೆ ಮಾತ್ರ ಯಾರೋ ಹಿಂದಿಂದ ಅಂಗಿ ಹಿಡ್ಕೊಂಡ ಹಂಗೆ. ಇಳಿತದ ವಿರುದ್ಧ ವಾಪಸ್ ಬರೋವಾಗ ಭುಜ ಕಿತ್ತು ಹೋಯ್ತು.

ಬಾಕ್ಸನ್ನ ಸೀಟಿಗೆ ಆದಷ್ಟು ಹತ್ರ, ನಡುವಲ್ಲಿ ಇಟ್ಟು ಕಟ್ಟಿ. ಐದಾರು ಲೀಟರ್ ಅಂದ್ರೆ ಐದಾರು ಕೆಜಿ, ಅದೂ ಆ ಕಡೆ ಈ ಕಡೆ ಕುಲುಕೋ ತೂಕ, ತೀರಾ ಹಿಂದೆ ಇಟ್ರೆ ಕಯಾಕ್ ಮೂತಿ ಮೇಲೆದ್ದು ಗಾಳಿಗೆ ತಿರುಗುತ್ತೆ. ಬಾಕ್ಸ್ ಒಳಗೆ ಕೈ ಹಾಕಿ ಹುಡುಕೋಕೆ ಹೋಗ್ಬೇಡಿ, ತಲೆ ಮುಂದಿನ ಮುಳ್ಳು ಉಗುರು ಸಂದಿಗೇ ಚುಚ್ಚುತ್ತೆ, ಟೀ ಜರಡಿ ಒಂದು ಇಟ್ಕೊಳ್ಳಿ. ಗಾಳ ಚುಚ್ಚೋವಾಗ ಅದೇ ಮುಳ್ಳಿನ ಬುಡದಲ್ಲಿ, ಒಳಗೆ ಕಾಣೋ ಕಪ್ಪು ಚುಕ್ಕೆ ತಪ್ಪಿಸಿ, ಆಗ ಬೇಗ ಸಾಯಲ್ಲ.

ಪಂಪಿಗೆ ಐದರಲ್ಲಿ ಮೂರು ಕೊಡ್ತೀನಿ, ಮಾರ್ಕೆಟಲ್ಲಿ 50 ರೂಪಾಯಿಗೆ ಸಿಕ್ಕಿದ ಥರ್ಮಾಕೋಲ್ ಬಾಕ್ಸಿಗೆ ನಾಲ್ಕೂವರೆ. ಎರಡು ಗಂಟೆಯ ಗಾಳಕ್ಕೆ ಹೋಗೋರಾದ್ರೆ ಪಂಪ್ ತಗೊಳ್ಳೋದೇ ಬೇಡ, ಬಾಕ್ಸು ಬಾಟ್ಲಿ ಇಟ್ಕೊಂಡು ಆಗಾಗ ಸ್ವಲ್ಪ ನೀರು ಬದಲಾಯಿಸಿ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಕೂರೋರು ತಗೊಳ್ಳಿ, ಸೆಲ್ ಇನ್ನೊಂದು ಜೊತೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಕೊಂಡಿರಿ.