ಬೋರ್ಡಿನಲ್ಲಿ ಬಯೋ ಇಂಜಿನಿಯರಿಂಗ್, ಒಳಗೆ ಬರೀ ಬಯಾಲಜಿ: ಸೀಟು ಹಿಡಿಯುವ ಮುಂಚೆ ಓದಿ

ಕರಪತ್ರದ ತುಂಬಾ ದಪ್ಪಕ್ಷರದಲ್ಲಿ ಬಯೋ ಇಂಜಿನಿಯರಿಂಗ್. ಕೊನೆಗೆ ಕೈಗೆ ಸಿಗುವ ಪದವಿ ಜೀವವಿಜ್ಞಾನದ್ದು, ಅದರ ಕೆಳಗೆ 'ಬಯೋ ಇಂಜಿನಿಯರಿಂಗ್ ಒತ್ತು' ಅಂತ ಒಂದು ಸಾಲು. ಇದು ಗೊತ್ತಾಗಿದ್ದು ಶುಲ್ಕ ಕಟ್ಟಿದ ಮೇಲೆ. ಕಾಲೇಜಿನ ಹೆಸರು ಹಾಕುತ್ತಿಲ್ಲ, ಈ ಆಟ ಆಡುವುದು ಅದೊಂದೇ ಅಲ್ಲ.

ಅಬೆಟ್ ಅಂದರೆ ಇಂಜಿನಿಯರಿಂಗ್ ಕೋರ್ಸುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ. ಅದರ ಬಗ್ಗೆ ಕಾಲೇಜಿನವರ ಉತ್ತರಗಳನ್ನು ಕೇಳಿ. 'ಈ ಕೋರ್ಸಿಗೆ ಅಬೆಟ್ ಮಾನ್ಯತೆ ಇದೆಯಾ?' ಅಂದರೆ, 'ನಮ್ಮ ವಿಶ್ವವಿದ್ಯಾಲಯಕ್ಕೆ ಪೂರ್ಣ ಮಾನ್ಯತೆ ಇದೆ.' ಕೇಳಿದ್ದು ಕೋರ್ಸಿನ ಬಗ್ಗೆ ಸ್ವಾಮಿ! ಅಬೆಟ್ ಮಾನ್ಯತೆ ಕೊಡುವುದು ಒಂದೊಂದು ಕೋರ್ಸಿಗೆ, ಇಡೀ ಸಂಸ್ಥೆಗಲ್ಲ. ಪಕ್ಕದ ಮೆಕ್ಯಾನಿಕಲ್‌ಗೆ ಇದ್ದ ಮಾತ್ರಕ್ಕೆ ಇದಕ್ಕೂ ಇದೆ ಅಂತಲ್ಲ. ಮತ್ತೆ ಕೇಳಿದರೆ 'ಪ್ರಕ್ರಿಯೆಯಲ್ಲಿದೆ.' ಒಬ್ಬ ವಿದ್ಯಾರ್ಥಿಯಾದರೂ ಆ ಕೋರ್ಸ್ ಮುಗಿಸಿ ಹೊರಬರುವ ತನಕ ಮಾನ್ಯತೆ ಸಿಗುವುದೇ ಇಲ್ಲ, ಇಲ್ಲಿ ಮೊದಲ ಬ್ಯಾಚೇ ಇನ್ನೂ ಎರಡನೇ ವರ್ಷದಲ್ಲಿತ್ತು. ಮಾನ್ಯತೆ ಇಲ್ಲದಿರುವುದು ಅಪರಾಧವಲ್ಲ. 'ಇಲ್ಲ' ಅಂತ ಒಂದು ಮಾತು ಹೇಳಬಹುದಿತ್ತು, ಅಷ್ಟೇ.

ಪಠ್ಯಕ್ರಮ ನೋಡಿದಾಗಲಂತೂ ಮೈ ಉರಿಯಿತು. ಅಬೆಟ್ ಲೆಕ್ಕದಲ್ಲಿ ಇಂಜಿನಿಯರಿಂಗ್ ಪದವಿಗೆ ಗಣಿತ ಮತ್ತು ಮೂಲವಿಜ್ಞಾನ ಸೇರಿ ಕನಿಷ್ಠ 30 ಸೆಮಿಸ್ಟರ್ ಕ್ರೆಡಿಟ್, ಇಂಜಿನಿಯರಿಂಗ್ ವಿಷಯಗಳೇ ಕನಿಷ್ಠ 45 ಕ್ರೆಡಿಟ್ ಬೇಕು. ಇಲ್ಲಿ ಜೀವಕೋಶ ಶಾಸ್ತ್ರ, ತಳಿಶಾಸ್ತ್ರ, ಜೀವರಸಾಯನ ಎಲ್ಲ ಭರ್ತಿ. ಇಂಜಿನಿಯರಿಂಗ್ ಮಾತ್ರ ಒಂದು ಸೆಮಿಸ್ಟರಿನಷ್ಟೂ ಇಲ್ಲ. ಗಣಿತ ಮೊದಲ ಕ್ಯಾಲ್ಕುಲಸ್‌ಗೇ ಖತಂ. ಡಿಫರೆನ್ಷಿಯಲ್ ಈಕ್ವೇಷನ್ಸ್, ಅಂದರೆ ಬದಲಾವಣೆಯ ದರವನ್ನು ಹೇಳುವ ಸಮೀಕರಣಗಳು, ಇಲ್ಲ! ಅಂಗಾಂಶದೊಳಗೆ ಔಷಧ ಹೇಗೆ ಹರಡುತ್ತದೆ, ರಕ್ತನಾಳದಲ್ಲಿ ಒತ್ತಡ ಹೇಗೆ ಇಳಿಯುತ್ತದೆ, ಇಸಿಜಿಯಲ್ಲಿನ ಗದ್ದಲವನ್ನು ಹೇಗೆ ಸೋಸಬೇಕು, ಎಲ್ಲಕ್ಕೂ ಅದೇ ಬುಡ. ಅದಿಲ್ಲದೆ ಟ್ರಾನ್ಸ್‌ಪೋರ್ಟ್ (ದ್ರವ, ಶಾಖ, ಪದಾರ್ಥಗಳು ಸಾಗುವ ಬಗೆ) ಕಲಿಸಿದರೆ ಅದು ಹರಿಕಥೆ. ಸ್ಟ್ಯಾಟಿಕ್ಸ್ (ನಿಶ್ಚಲ ವಸ್ತುಗಳ ಮೇಲಿನ ಬಲಗಳ ಲೆಕ್ಕ) ಇಲ್ಲದ ಬಯೋಮೆಕ್ಯಾನಿಕ್ಸ್, ಸರ್ಕ್ಯೂಟ್ಸ್ ಇಲ್ಲದ ಇನ್‌ಸ್ಟ್ರುಮೆಂಟೇಷನ್, ಅವೂ ಅಷ್ಟೇ. ಇದಕ್ಕೆ ಬಂದ ಉತ್ತರ: 'ಬಯಾಲಜಿ ಇಷ್ಟಪಡುವ ಮಕ್ಕಳಿಗೆ ಗಣಿತದ ಹೊರೆ ಬೇಡ ಅಂತ ಹೀಗೆ ರೂಪಿಸಿದ್ದೇವೆ.' ಹೊರೆಯಂತೆ! ಇಂಜಿನಿಯರಿಂಗ್ ಓದಲು ಬಂದವರಿಗೆ!

ಶುಲ್ಕ ವಾಪಸ್ ಕೇಳಿದ್ದಕ್ಕೆ, 'ಕ್ಯಾಟಲಾಗ್‌ನಲ್ಲಿ ಎಲ್ಲ ಇದೆಯಲ್ಲ.' ಇದೆ. ಆದರೆ ಸೀಟು ಖಚಿತಪಡಿಸುವ ತನಕ ಆ ಕ್ಯಾಟಲಾಗ್ ಕೊಡುವುದಿಲ್ಲ.

ಇನ್ನೊಂದು ಗುಂಡಿ, 'ಪ್ರೀ' ಸೀಟು. ಮೊದಲ ವರ್ಷ ಎಲ್ಲರನ್ನೂ ಸೇರಿಸಿಕೊಂಡು, ಆಮೇಲೆ ಅಂಕ ನೋಡಿ ಕೆಲವರನ್ನಷ್ಟೇ ವಿಭಾಗದೊಳಗೆ ಬಿಡುತ್ತಾರೆ. ಉಳಿದವರ ಗತಿ ಏನು ಅಂದರೆ 'ಚೆನ್ನಾಗಿ ಓದುವವರಿಗೆ ತೊಂದರೆ ಆಗಲ್ಲ.' ಕರಪತ್ರದಲ್ಲಿರುವ ಬಯೋಪ್ರಿಂಟರ್ (ಜೀವಕೋಶಗಳಿಂದ ಅಂಗಾಂಶ ಮುದ್ರಿಸುವ ಯಂತ್ರ) ಚಿತ್ರವನ್ನೂ ನಂಬಬೇಡಿ. ಅದು ಪಿಎಚ್‌ಡಿಯವರ ಲ್ಯಾಬಿನದು, ಪದವಿ ಮಕ್ಕಳಿಗೆ ಗಾಜಿನಾಚೆಯಿಂದ ದರ್ಶನ ಮಾತ್ರ.

ಮಾಡಬೇಕಾದ್ದು ಇಷ್ಟು. ಅಬೆಟ್‌ನ ಜಾಲತಾಣದಲ್ಲಿ ಕಾಲೇಜಿನ ಹೆಸರಲ್ಲ, ಕೋರ್ಸಿನ ಹೆಸರು ಹುಡುಕಿ. ಬೇರೆ ದೇಶದ ಕಾಲೇಜಾದರೆ ಅಲ್ಲಿನ ಮಾನ್ಯತಾ ಸಂಸ್ಥೆ ಇಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳ ನಡುವೆ ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್ ಒಪ್ಪಂದಕ್ಕೆ ಸಹಿ ಹಾಕಿದೆಯಾ ನೋಡಿ. ವಿಭಾಗ ಯಾವುದರ ಕಡೆ ವಾಲಿದೆ ಅಂತ ತಿಳಿಯಲು ಪ್ರಾಧ್ಯಾಪಕರ ಸಂಶೋಧನೆಯ ಪಟ್ಟಿ ಓದಿ. ಕೃತಕ ಕೈಕಾಲು ಮಾಡುವ ಆಸೆಯಿಂದ ಹೋದವರು ಸೂಕ್ಷ್ಮಜೀವಿ ಬೆಳೆಸುವ ಫರ್ಮೆಂಟರ್ ಮುಂದೆಯೋ ಮಣ್ಣು-ನೀರಿನ ಲ್ಯಾಬಿನಲ್ಲೋ ಕೂರಬೇಕಾದೀತು. ಪದವಿಯ ಪೂರ್ಣ ಹೆಸರು, ಸೆಮಿಸ್ಟರ್‌ವಾರು ವಿಷಯಗಳು, ಹೋದ ವರ್ಷ ಎಷ್ಟು ಜನರಿಗೆ ವಿಭಾಗ ಸಿಗಲಿಲ್ಲ ಅನ್ನುವುದು, ಮೂರನ್ನೂ ಇಮೇಲ್‌ನಲ್ಲೇ ಕೇಳಿ. 'ಫೋನ್ ಮಾಡ್ತೀವಿ' ಅಂದರೆ ಬಿಟ್ಟುಬಿಡಿ. ಕೊನೆಯ ವರ್ಷದ ಡಿಸೈನ್ ಪ್ರಾಜೆಕ್ಟ್‌ಗಳ ಪಟ್ಟಿಯನ್ನೂ ಕೇಳಿ. ಏನನ್ನಾದರೂ ಕಟ್ಟಿ ಪರೀಕ್ಷಿಸಿದ್ದಾರಾ, ಅಥವಾ ಪೋಸ್ಟರ್ ಮಾತ್ರ ಅಂಟಿಸಿದ್ದಾರಾ ಅನ್ನುವುದು ಅದರಲ್ಲೇ ತಿಳಿಯುತ್ತದೆ.